ಮೈಸೂರಿನ ಗಾಡಿ, ಮದರಾಸಿನ ಗಾಳಿ

ನಮ್ಮ ತಂದೆಯವರು ಕಾವೇರಿ ಎಕ್ಸ್‌ಪ್ರೆಸ್ಸಿನಲ್ಲಿ ಬಂದಿಳಿದ ಮೂರನೆಯ ದಿನಕ್ಕೆ ಅವರ ಗಾಡಿಯೂ ಬಂದಿತು. ಮೈಗೆಲ್ಲ ಗೋಣಿತಟ್ಟು ಸುತ್ತಿಕೊಂಡು, ಹೊಟ್ಟೆಯಲ್ಲಿ ಒಂದು ತೊಟ್ಟು ಪೆಟ್ರೋಲಿಲ್ಲದೆ, ಸೆಂಟ್ರಲ್ ನಿಲ್ದಾಣದ ಪಾರ್ಸೆಲ್ ಕಚೇರಿಯ ಗೋಡೆಗೆ ಒರಗಿ ನಿಂತಿದ್ದ ಅದನ್ನು ನೋಡಿದರೆ, ನಿರ್ಜಲ ಏಕಾದಶಿ ಮಾಡಿದ ಮುದುಕರೊಬ್ಬರು ದ್ವಾದಶಿ ಪಾರಣೆಗೆ ಕಾದು ನಿಂತ ಹಾಗಿತ್ತು. ಅಪ್ಪ ಗೋಣಿಯ ತುದಿಯನ್ನು ಎತ್ತಿ ನೋಡಿ, "ಗೀರು ಬಿದ್ದಿಲ್ಲ" ಎಂದರು. ಮೂರು ದಿನಗಳಿಂದ ಅವರ ಮುಖದಲ್ಲಿ ಕಾಣದಿದ್ದ ಒಂದು ನಗೆ ಆಗ ಕಂಡಿತು.

'ನಾವು' ಎಂದು ಬರೆಯುತ್ತಿರುವುದನ್ನು ವಾಚಕರು ದೊಡ್ಡಸ್ತಿಕೆ ಎಂದು ತಿಳಿಯಬಾರದು. ಸರ್ಕಾರಿ ಕಚೇರಿಯಲ್ಲಿ ಹನ್ನೆರಡು ವರ್ಷ ಟಿಪ್ಪಣಿ ಬರೆದ ಕೈಗೆ 'ನಾನು' ಎಂಬುದು ಒಗ್ಗುವುದಿಲ್ಲ. ಅಲ್ಲಿ ತಪ್ಪಾಗಲಿ ಒಪ್ಪಾಗಲಿ ಯಾರೊಬ್ಬರೂ ಮಾಡುವುದಿಲ್ಲ. ಎಲ್ಲವೂ ತಾವಾಗಿ ಆಗುತ್ತವೆ.

ಗಾಡಿ 1981ರ ಯೆಜ್ಡಿ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ್ದು. ಆ ಕಾರ್ಖಾನೆ 1961ರಲ್ಲಿ ಚೆಕೊಸ್ಲೊವಾಕಿಯಾದ ಜಾವಾ ಮೋಟಾರ್ ಸೈಕಲ್ಲುಗಳನ್ನು ಮಾಡಲು ತೊಡಗಿ, 1973ರ ಸುಮಾರಿಗೆ ಗಾಡಿಗೆ ಯೆಜ್ಡಿ ಎಂಬ ತನ್ನದೇ ಹೆಸರು ಇಟ್ಟಿತು. ಕಾರ್ಖಾನೆ ನಡೆಸಿದ ಇರಾನಿ ಮನೆತನದವರು ತಮ್ಮ ಹಿರಿಯರ ನಾಡಿನ ಯಜ್ದ್ ಪಟ್ಟಣದ ನೆನಪಿಗಾಗಿ ಆ ಹೆಸರಿಟ್ಟರೆಂದು ಹೇಳುತ್ತಾರೆ. ಊರು ಬಿಟ್ಟವರು ಊರಿನ ಹೆಸರನ್ನು ಎಲ್ಲೆಲ್ಲಿ ತಂದು ಅಂಟಿಸುತ್ತಾರೆ, ನೋಡಿ! ಪಶ್ಚಿಮ ಮಾಂಬಲದ ನಮ್ಮ ಬೀದಿಯೊಂದರಲ್ಲೇ ಒಂದು 'ಚಾಮುಂಡಿ', ಒಂದು 'ಕಾವೇರಿ ನಿಲಯ' ಇವೆ. ಇರಲಿ. ಕಾರ್ಖಾನೆ 1996ರಲ್ಲಿ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳಲ್ಲಿ ಹೊಸ ಗಾಡಿಗಳು ಮತ್ತೆ ಬಂದವು. ಆದರೆ ಇವು ಹೊಸ ಕಾಲದವು. ಪೆಟ್ರೋಲು ಎಷ್ಟು ಬೇಕೆಂದು ಲೆಕ್ಕ ಹಾಕುವುದಕ್ಕೆ ಇವುಗಳೊಳಗೆ ಒಂದು ಪುಟ್ಟ ಕಂಪ್ಯೂಟರಿದೆ. ಅಪ್ಪನ ಗಾಡಿಯಲ್ಲಿ ಆ ಲೆಕ್ಕವನ್ನು ಅಪ್ಪನೇ ಹಾಕಬೇಕು.

ಅಪ್ಪ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ಅಮ್ಮ ತೀರಿಕೊಂಡ ಮೇಲೆ ಒಂದು ವರ್ಷ ಸರಸ್ವತಿಪುರಂನ ಮನೆಯಲ್ಲಿ ಒಬ್ಬರೇ ಇದ್ದರು. ನಮ್ಮಲ್ಲಿಗೆ ಬನ್ನಿ ಎಂದಾಗಲೆಲ್ಲ, "ಗಾಡಿ ಏನು ಮಾಡಲಿ?" ಎನ್ನುತ್ತಿದ್ದರು. ಅದು ನೆವವೆಂದು ನಾವು ತಿಳಿದಿದ್ದೆವು. ಕಡೆಗೆ ನಮ್ಮಾಕೆಯೇ, "ಗಾಡಿಯನ್ನೂ ಕರೆದುಕೊಂಡು ಬನ್ನಿ ಮಾವ" ಎಂದಳು. ಮಾರನೆಯ ವಾರವೇ ಹೊರಟು ನಿಂತರು. ಆಗ ತಿಳಿಯಿತು, ಅದು ನೆವವಲ್ಲ, ಷರತ್ತು ಎಂದು. ಗಾಡಿ ಇಲ್ಲಿ ಓಡಿದರೆ ಅಪ್ಪ ಇಲ್ಲಿ ಇರುತ್ತಾರೆ. ಓಡದಿದ್ದರೆ ಇಬ್ಬರೂ ಅದೇ ರೈಲಿನಲ್ಲಿ ಹಿಂದಕ್ಕೆ. ಈ ಮಾತನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಗಾಡಿ ಓಡಲಿಲ್ಲ. ಓಡಲಿಲ್ಲವೆಂದರೆ ಪೂರ್ತಿ ನಿಂತುಹೋಯಿತೆಂದಲ್ಲ. ಬೆಳಗ್ಗೆ ಹತ್ತು ಹದಿನೈದು ಸಲ ಒದ್ದ ಮೇಲೆ ಏಳುವುದು. ಎದ್ದದ್ದು ಕಾರ್ಬ್ಯುರೇಟರಿನ ಕಡೆಯಿಂದ ಒಂದು ಸೀನು ಸೀನಿ ಮತ್ತೆ ಮಲಗುವುದು. ದುರೈಸ್ವಾಮಿ ಸಬ್‌ವೇ ಹತ್ತುವಾಗ ಏದುಸಿರು ಬಿಡುವುದು. ನಮ್ಮ ಮೇಲಿನ ಮನೆಯಲ್ಲಿ ಬುಲೆಟ್ಟಿನ ಭಕ್ತರೊಬ್ಬರಿದ್ದಾರೆ. ಅವರ ಪಕ್ಷವೂ ಸಾಮಾನ್ಯದ್ದಲ್ಲ. 1955ರಲ್ಲಿ ಮದರಾಸ್ ಮೋಟಾರ್ಸಿನವರು ಇಂಗ್ಲೆಂಡಿನ ರಾಯಲ್ ಎನ್‌ಫೀಲ್ಡಿನವರ ಜೊತೆ ಸೇರಿ, ಇಲ್ಲಿಯ ತಿರುವೊತ್ತಿಯೂರಿನಲ್ಲಿ ಬುಲೆಟ್ ಕಟ್ಟಲು ತೊಡಗಿದರು. ಇಂಗ್ಲೆಂಡಿನ ಮೂಲ ಕಂಪೆನಿ 1970ರ ಹೊತ್ತಿಗೆ ಮುಳುಗಿದರೂ ಮದರಾಸಿನದು ಮುಳುಗಲಿಲ್ಲ. ಅವರು ಮಹಡಿಯಿಂದ ಬಗ್ಗಿ ನೋಡಿ, "ಈ ಊರಿನ ಗಾಳಿಗೆ ಈ ಊರಿನ ಗಾಡಿಯೇ ಸರಿ, ಸಾರ್" ಎಂದರು. ಅಪ್ಪನಿಗೆ ತಮಿಳು ಬಾರದು. ಆದರೂ ಇಂಥ ಮಾತು ಯಾವ ಭಾಷೆಯಲ್ಲಿದ್ದರೂ ಅರ್ಥವಾಗುತ್ತದೆ.

ಆದರೆ 'ಗಾಳಿ' ಎಂಬ ಆ ಮಾತು ನಮ್ಮ ತಲೆಯಲ್ಲಿ ಕುಳಿತಿತು. ನಾವು ಬಿ.ಎ. ಓದಿದವರು, ಅದೂ ಇತಿಹಾಸ. ಬಿ.ಎ. ಓದಿದವನು ವಿಜ್ಞಾನವನ್ನು ಹಿಡಿದರೆ ಬಿಡುವುದಿಲ್ಲವೆಂಬುದು ಅನುಭವಸ್ಥರ ದೂರು. ಒಂದು ವಾರ ಕಚೇರಿಯ ಊಟದ ಬಿಡುವಿನಲ್ಲೆಲ್ಲ ಕಾರ್ಬ್ಯುರೇಟರಿನ ಶಾಸ್ತ್ರವನ್ನು ಓದಿದೆವು.

ಕಾರ್ಬ್ಯುರೇಟರು ಎಂಬುದು ಗಾಡಿಯ ಅಡಿಗೆಮನೆ. ಗಾಳಿಗೆ ಪೆಟ್ರೋಲು ಬೆರೆಯುವುದು ಅಲ್ಲಿ. ಒಂದು ತೂಕ ಪೆಟ್ರೋಲು ಸರಿಯಾಗಿ ಉರಿಯಬೇಕಾದರೆ 14.7 ತೂಕ ಗಾಳಿ ಬೇಕು. ಪೆಟ್ರೋಲು ಹೆಚ್ಚಾದರೆ ಹೊಗೆ, ಮಸಿ, ಖರ್ಚು. ಕಡಿಮೆಯಾದರೆ ಇನ್ನೂ ಕೇಡು: ಎಂಜಿನು ಕಾಯುತ್ತದೆ, ಪಿಸ್ಟನ್ನು ಉಬ್ಬುತ್ತದೆ, ಕೊನೆಗೆ ಸಿಲಿಂಡರಿನ ಗೋಡೆಗೆ ಕಚ್ಚಿಕೊಂಡು ನಿಂತುಬಿಡುತ್ತದೆ. ಎರಡು ಸ್ಟ್ರೋಕಿನ ಗಾಡಿಯಲ್ಲಿ ಇದು ಮತ್ತೂ ಬೇಗ. ಏಕೆಂದರೆ ಪಿಸ್ಟನ್ನಿಗೆ ಬೇಕಾದ ಎಣ್ಣೆಯೂ ಪೆಟ್ರೋಲಿನಲ್ಲೇ ಬೆರೆತು ಬರಬೇಕು. ಇಷ್ಟನ್ನೂ ಅಳೆದು ಕೊಡುವ ಸೌಟು ಯಾವುದೆಂದರೆ ಜೆಟ್ಟು, ಎಂದರೆ ನಡುವೆ ತೂತುಳ್ಳ ಒಂದು ಚೋಟುದ್ದವೂ ಇಲ್ಲದ ಹಿತ್ತಾಳೆಯ ಸ್ಕ್ರೂ. ಗಾಡಿ ನಿಂತಲ್ಲೇ ಗುಡುಗುಡು ಎನ್ನುವಾಗ ಸ್ಲೋ ಜೆಟ್ಟು ಕೆಲಸ ಮಾಡುತ್ತದೆ. ನಡುವಣ ವೇಗಕ್ಕೆ ಒಂದು ಸೂಜಿ ಮೇಲೆ ಕೆಳಗೆ ಆಡುತ್ತದೆ. ಕೈಹಿಡಿಯನ್ನು ಮುಕ್ಕಾಲಿಗಿಂತ ಹೆಚ್ಚು ತಿರುಗಿಸಿದಾಗ ಮಾತ್ರ ಮೇನ್ ಜೆಟ್ಟಿನ ಅಧಿಕಾರ. ಅಪ್ಪನ ಗಾಡಿಯ ಮೇನ್ ಜೆಟ್ಟಿನ ತಲೆಯ ಮೇಲೆ 95 ಎಂದು ಕೆತ್ತಿದೆ. ತೂತಿನ ಅಡ್ಡಳತೆ ಒಂದು ಮಿಲಿಮೀಟರಿನ ನೂರರಲ್ಲಿ 95 ಪಾಲು ಎಂದರ್ಥ. 95ಕ್ಕೂ 100ಕ್ಕೂ ನಡುವೆ ಇರುವ ಅಂತರ ಒಂದು ಕೂದಲಿನ ದಪ್ಪವೂ ಅಲ್ಲ. ಆದರೂ ತೂತಿನ ಬಾಯಿ ನೂರಕ್ಕೆ ಹತ್ತು ಪಾಲು ದೊಡ್ಡದಾಗುತ್ತದೆ. ಅಲ್ಲಿ ಕೂದಲೆಳೆಯೆಂದರೆ ಅಲಂಕಾರವಲ್ಲ, ಅಳತೆ.

ಇಷ್ಟು ತಿಳಿದ ಮೇಲೆ ಒಂದು ರಾತ್ರಿ ಊಟವಾದ ಬಳಿಕ ಅಪ್ಪನ ಮುಂದೆ ನಮ್ಮ ಸಿದ್ಧಾಂತವನ್ನು ಮಂಡಿಸಿದೆವು. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರು ಎತ್ತರದಲ್ಲಿದೆ. ಮದರಾಸು ಸಮುದ್ರದ ಮಗ್ಗುಲಲ್ಲೇ ಮಲಗಿದೆ. ಅಲ್ಲಿಗಿಂತ ಇಲ್ಲಿಯ ಗಾಳಿ ನೂರಕ್ಕೆ ಏಳೆಂಟು ಪಾಲು ದಟ್ಟ. ಗಾಳಿ ದಟ್ಟವಾಯಿತು, ಪೆಟ್ರೋಲು ಅಷ್ಟೇ ಉಳಿಯಿತು. ಆದ್ದರಿಂದ ಹದ ತೆಳುವಾಯಿತು. ಸಾಲದುದಕ್ಕೆ ಈಗಿನ ಪೆಟ್ರೋಲಿನಲ್ಲಿ ಐದರಲ್ಲಿ ಒಂದು ಪಾಲು ಎಥನಾಲು. 2023ರಲ್ಲಿ ಕೆಲವು ಬಂಕುಗಳಲ್ಲಿ ಶುರುವಾದದ್ದು 2025ರ ಹೊತ್ತಿಗೆ ದೇಶದ ತುಂಬ ಬಂದಿದೆ. ಎಥನಾಲಿಗೆ 14.7ರಷ್ಟು ಗಾಳಿ ಬೇಕಿಲ್ಲ, 9 ಸಾಕು. ಹಾಗಾಗಿ ಹಳೆಯ ಜೆಟ್ಟಿನಿಂದ ಬರುವ ಸಾರು ಇನ್ನಷ್ಟು ನೀರು.

ಅಪ್ಪ ಎಲ್ಲವನ್ನೂ ಕೇಳಿದರು. ಕೇಳಿದರೆಂದೇ ನಾವು ಅಂದುಕೊಂಡೆವು. ಆಮೇಲೆ ಒಂದು ಪ್ರಶ್ನೆ ಹಾಕಿದರು: "ಇದೇ ಜೆಟ್ಟಿನ ಗಾಡಿಯನ್ನು ಕಂಪೆನಿಯವರು ಈ ಊರಿನಲ್ಲೂ ಮಾರಿದರಲ್ಲ. ಕೊಂಡವರೆಲ್ಲ ಏನು ಮಾಡಿದರು?"

ನಮ್ಮಲ್ಲಿ ಉತ್ತರವಿರಲಿಲ್ಲ. ಇತಿಹಾಸದ ಪರೀಕ್ಷೆಯಲ್ಲಿ ಇಂಥ ಪ್ರಶ್ನೆ ಬರುತ್ತಿರಲಿಲ್ಲ.

ಅಪ್ಪನ ವಿಧಾನವೇ ಬೇರೆ. ಎಂಜಿನು ಓಡುತ್ತಿರುವಾಗ ತಲೆ ವಾಲಿಸಿ, ಕಣ್ಣು ಮುಚ್ಚಿ, ಏರ್ ಸ್ಕ್ರೂವನ್ನು ಕಾಲು ಸುತ್ತು ಒಳಕ್ಕೆ, ಅರೆಕಾಲು ಸುತ್ತು ಹೊರಕ್ಕೆ ತಿರುಗಿಸುತ್ತಾ, ಸದ್ದು ದುಂಡಗಾದೊಡನೆ ಕೈ ತೆಗೆಯುವುದು. ಮೈಸೂರಿನ ಅವರ ಗೆಳೆಯರ ಗಾಡಿಗಳಿಗೆಲ್ಲ ಅವರದೇ ಕಿವಿ. ಭಾನುವಾರ ಬೆಳಗ್ಗೆ ನಮ್ಮ ಮನೆಯ ಮುಂದೆ ನಾಲ್ಕೈದು ಜಾವಾ ಯೆಜ್ಡಿಗಳು ಸಾಲಾಗಿ ನಿಲ್ಲುತ್ತಿದ್ದುದು ನಮಗೆ ನೆನಪಿದೆ. ಪ್ಲಗ್ಗು ಬಿಚ್ಚಿ ಬಣ್ಣ ನೋಡುವವರನ್ನು ಕಂಡರೆ ಅವರಿಗೆ ತಾತ್ಸಾರ. "ವೀಣೆಯ ಶ್ರುತಿಯನ್ನು ನೋಡಿ ತಿಳಿಯುತ್ತಾರೇನೋ?" ಎನ್ನುವರು. ಇಲ್ಲಿ ಆ ಕಿವಿಯೂ ಸೋತಿತು. ಸ್ಕ್ರೂ ತಿರುಗಿಸಿ "ಆಯಿತು" ಎಂದು ಎದ್ದಾಗ ನಮ್ಮ ಕಿವಿಗೇ ಆಗಿಲ್ಲವೆಂದು ತಿಳಿಯುತ್ತಿತ್ತು. ಹೇಳುವ ಧೈರ್ಯವಿರಲಿಲ್ಲ. ಕೊನೆಗೆ ಅವರು, ಎಂಜಿನು ಕಾಯುತ್ತಿದೆಯೆಂದು ಪೆಟ್ರೋಲಿಗೆ ಎಣ್ಣೆಯನ್ನು ಹೆಚ್ಚು ಬೆರೆಸತೊಡಗಿದರು. ಅಮ್ಮನ ಕಾಲದ ಟಾನಿಕ್ಕಿನ ಮುಚ್ಚಳದಲ್ಲಿ ಅಳೆದು, ಲೀಟರಿಗೆ ನಾಲ್ಕಿದ್ದದ್ದು ಆರಾಯಿತು. ಎಣ್ಣೆ ಹೆಚ್ಚಾದಷ್ಟೂ ಅದೇ ತೂತಿನಲ್ಲಿ ಬರುವ ಪೆಟ್ರೋಲು ಕಡಿಮೆಯಾಗುತ್ತದೆಂಬುದು ನಮಗೆ ಗೊತ್ತಾದದ್ದು ಆಮೇಲೆ.

ಆ ಭಾನುವಾರ ಬೆಳಗ್ಗೆ ಐದೂವರೆಗೆ ಅಪ್ಪ ನಮ್ಮನ್ನು ಎಬ್ಬಿಸಿ, "ಬಾ, ಸಮುದ್ರದ ರಸ್ತೆಯಲ್ಲಿ ಒಂದು ಸುತ್ತು ಬಿಟ್ಟುನೋಡೋಣ" ಎಂದರು. ಈಸ್ಟ್ ಕೋಸ್ಟ್ ರೋಡ್ ಅಷ್ಟು ಹೊತ್ತಿನಲ್ಲಿ ಬಿಕೋ ಎನ್ನುತ್ತದೆ. ಅಪ್ಪ ಮುಂದೆ, ನಾವು ಹಿಂದೆ. ನೀಲಾಂಕರೈ ದಾಟಿತು, ಉತ್ತಂಡಿ ದಾಟಿತು. ಗಾಡಿ ತಣ್ಣನೆಯ ಗಾಳಿಗೆ ಹುಮ್ಮಸ್ಸು ಬಂದಂತೆ ಓಡುತ್ತಿತ್ತು. ಅಪ್ಪ ಕೈಹಿಡಿಯನ್ನು ಪೂರ್ತಿ ತಿರುಗಿಸಿದರು. ಮೈಸೂರಿನ ಬೀದಿಗಳಲ್ಲಿ ನಾವು ಅವರ ಹಿಂದೆ ಕೂತು ಸ್ಕೂಲಿಗೆ ಹೋದ ಅಷ್ಟು ವರ್ಷಗಳಲ್ಲಿ ಅವರು ಹಾಗೆ ತಿರುಗಿಸಿದ್ದನ್ನು ಕಂಡದ್ದೇ ಇಲ್ಲ.

ಸ್ವಲ್ಪ ಹೊತ್ತಿನಲ್ಲಿ ಎಂಜಿನಿನೊಳಗಿಂದ ಒಂದು ಸದ್ದು ಕೇಳತೊಡಗಿತು. ಡಬ್ಬಿಯಲ್ಲಿ ಗುಂಡುಸೂಜಿ ಹಾಕಿ ಅಲುಗಿಸಿದ ಹಾಗೆ, ಸಣ್ಣಗೆ, ಕಿಣಿಕಿಣಿ. ನಾವು ಅಪ್ಪನ ಹೆಗಲು ತಟ್ಟಿದೆವು. ಅವರು ತಲೆಯಾಡಿಸಿದರು, ಕೈ ಸಡಿಲಿಸಲಿಲ್ಲ. ಸದ್ದು ಚೂಪಾಯಿತು. "ಅಪ್ಪಾ!" ಎಂದು ಕೂಗಿದೆವು. ಅಷ್ಟರಲ್ಲಿ ಗಾಡಿಯನ್ನು ಯಾರೋ ಹಿಂದಿನಿಂದ ಹಿಡಿದೆಳೆದಂತಾಗಿ, ಹಿಂದಿನ ಚಕ್ರ ಕಚ್ಚಿ ಜಾರಿತು. ಅಪ್ಪನ ಎಡಗೈ ತಾನಾಗಿ ಕ್ಲಚ್ಚನ್ನು ಹಿಡಿಯಿತು. ಅದೊಂದೇ ನಮ್ಮನ್ನು ಕಾಪಾಡಿದ್ದು. ಗಾಡಿ ಸದ್ದಿಲ್ಲದೆ ತೇಲಿಕೊಂಡು ಹೋಗಿ ಸರ್ವೆ ಮರಗಳ ಪಕ್ಕ ನಿಂತಿತು.

ಇಬ್ಬರೂ ಇಳಿದೆವು. ಎಂಜಿನಿನ ಮೇಲೆ ಉಗುಳಿದರೆ ಚುರ್ ಎನ್ನುತ್ತಿತ್ತು. ಅಪ್ಪನ ಕಾಲು ನಡುಗುತ್ತಿತ್ತು, ನಮ್ಮದೂ.

"ಅಷ್ಟು ಹೊತ್ತಿನಿಂದ ಕಿಣಿಕಿಣಿ ಅನ್ನುತ್ತಿತ್ತಲ್ಲ ಅಪ್ಪ, ಕೇಳಿಸಲಿಲ್ಲವೇ?"

"ಯಾವ ಸದ್ದು?"

"ಸಣ್ಣಗೆ, ಸೂಜಿ ಅಲುಗಿಸಿದ ಹಾಗೆ."

"ಹೆಲ್ಮೆಟ್ಟಿನೊಳಗೆ ಏನು ಕೇಳೀತು" ಎಂದು ಅಪ್ಪ ಹೆಲ್ಮೆಟ್ಟು ತೆಗೆದು ಕೈಯಲ್ಲಿ ಹಿಡಿದುಕೊಂಡರು. ನಮ್ಮ ತಲೆಯ ಮೇಲೂ ಹೆಲ್ಮೆಟ್ಟು ಇತ್ತು. ಅದನ್ನು ಅವರು ನೋಡಿದರು. ಆಮೇಲೆ ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ.

ವಯಸ್ಸಾದಂತೆ ಕಿವಿಗೆ ಮೊದಲು ತಪ್ಪುವುದು ಎತ್ತರದ ಸ್ವರಗಳು. ಎಂಜಿನಿನ ಗುಡುಗು ಕೇಳುತ್ತದೆ. ಅದರೊಳಗಿನ ಸೂಜಿಯ ಸದ್ದು ಕೇಳುವುದಿಲ್ಲ. ನಮ್ಮಾಕೆಯ ಮಾತಿಗೆ ಅವರು ಸುಮ್ಮನೆ ನಗುತ್ತಿದ್ದುದು, ಮಗು "ತಾತ" ಎಂದು ಎರಡು ಮೂರು ಸಲ ಕೂಗುತ್ತಿದ್ದುದು, ಟೆಲಿವಿಷನ್ನಿನ ವಾರ್ತೆಗೆ "ಈ ಊರಿನವರ ಉಚ್ಚಾರವೇ ಸರಿಯಿಲ್ಲ" ಎಂದು ಬೈಯುತ್ತಿದ್ದುದು ಎಲ್ಲ ಒಂದೊಂದಾಗಿ ನೆನಪಾಯಿತು. ಹೊಸ ಊರು, ಬೇಸರ ಎಂದು ನಾವು ಕಾರಣ ಕೊಟ್ಟುಕೊಂಡಿದ್ದೆವು. ಅವರು ಬಹುಶಃ ತಮಗೂ ಅದನ್ನೇ ಕೊಟ್ಟುಕೊಂಡಿದ್ದರು.

ಅರ್ಧ ಗಂಟೆಗೆ ಎಂಜಿನು ತಣಿದು ಪಿಸ್ಟನ್ನು ಬಿಟ್ಟುಕೊಂಡಿತು. ಗಾಡಿಯನ್ನು ಮೆಲ್ಲಗೆ ನಾವೇ ಓಡಿಸಿಕೊಂಡು ಬಂದೆವು. ಅಪ್ಪ ಹಿಂದೆ ಕೂತರು. ಅದೂ ಮೊದಲ ಸಲ.

ಆ ವಾರ ಸಿಲಿಂಡರು ಬಿಚ್ಚಿಸಿದೆವು. ಪಿಸ್ಟನ್ನಿನ ಮೈಮೇಲೆ ಉದ್ದುದ್ದ ಗೀರು. ಮೆಕ್ಯಾನಿಕ್ಕು ಎಮರಿ ಕಾಗದದಲ್ಲಿ ಉಜ್ಜಿ, ಈ ಸಲಕ್ಕೆ ಬಚಾವು ಎಂದ. ಕಾರ್ಬ್ಯುರೇಟರನ್ನು ಮಾತ್ರ ಅಪ್ಪ ಅವನ ಕೈಗೆ ಕೊಡಲಿಲ್ಲ. ಮನೆಯ ಅಂಗಳದಲ್ಲಿ ಹಳೆಯ 'ಸುಧಾ' ಒಂದನ್ನು ಹಾಸಿ ತಾವೇ ಬಿಚ್ಚಿದರು. ನಾವು ಮೇನ್ ಜೆಟ್ಟನ್ನು ತೆಗೆದು ಬೆಳಕಿಗೆ ಹಿಡಿದೆವು. ತೂತು ದುಂಡಗೆ ಕಾಣಲಿಲ್ಲ. ನಡುವೆ ಏನೋ ಅಡ್ಡ. ಕಸವೆಂದು ಊದಿದೆವು, ಹೋಗಲಿಲ್ಲ. ಸರಿಯಾಗಿ ನೋಡಿದರೆ ತಾಮ್ರದ ಒಂದು ಎಳೆ. ವೈರಿನೊಳಗಿನ ಎಳೆಗಳಲ್ಲಿ ಒಂದನ್ನು ತೂತಿನಲ್ಲಿ ತೂರಿಸಿ, ಬೀಳದ ಹಾಗೆ ಎರಡು ತುದಿಯನ್ನೂ ಮಡಿಸಿದ್ದರು. ಎರಡು ಮೂರು ಕೂದಲಿನಷ್ಟು ದಪ್ಪ. ಬೇಕೆಂದು ಮಾಡಿದ ಕೆಲಸ, ಅಚ್ಚುಕಟ್ಟಾದ ಕೆಲಸ.

"ಯಾರು ಮಾಡಿದರು ಅಪ್ಪ ಇದನ್ನು? ಯಾವ ಗ್ಯಾರೇಜಿನಲ್ಲಿ?" ಎಂದೆವು.

ಅಪ್ಪ ಜೆಟ್ಟನ್ನು ಇಸಿದುಕೊಂಡು ನೋಡಿದರು. ಮರೆತಿದ್ದರೆಂದು ಮುಖವೇ ಹೇಳಿತು. "ನಾನೇ" ಎಂದರು. "ನೀನು ಕಾಲೇಜಿಗೆ ಸೇರಿದ ವರ್ಷ. ಪೆಟ್ರೋಲು ತಿಂಗಳಿಗೆ ಎರಡು ಲೀಟರು ಉಳಿಯಿತು. ನಿನ್ನ ಅಮ್ಮನಿಗೂ ಹೇಳಿರಲಿಲ್ಲ."

ಪೆಟ್ರೋಲು ಉಳಿಸಲು ಜೆಟ್ಟಿಗೆ ತಂತಿ ಹಾಕುವುದು ಆ ಕಾಲದಲ್ಲಿ ಹಲವರು ಮಾಡುತ್ತಿದ್ದ ಉಪಾಯವೇ. ಜೋರಾಗಿ ಓಡಿಸದಿದ್ದರೆ ಕೇಡೂ ಕಾಣುವುದಿಲ್ಲ. ಅಪ್ಪ ಓಡಿಸಲಿಲ್ಲ. ಅಲ್ಲಿಂದಾಚೆಗೆ ಕೈಹಿಡಿಯನ್ನು ಅರ್ಧಕ್ಕಿಂತ ಹೆಚ್ಚು ತಿರುಗಿಸಲೇ ಇಲ್ಲ. ಗೆಳೆಯರು ಮಡಿಕೇರಿಗೆ, ಊಟಿಗೆ ಹೊರಟಾಗ ಇವರು ಏನಾದರೂ ಕಾರಣ ಹೇಳಿ ಉಳಿದುಕೊಳ್ಳುತ್ತಿದ್ದುದು ನಮಗೆ ಈಗ ಅರ್ಥವಾಯಿತು. ಮೈಸೂರಿನ ತೆಳುಗಾಳಿ, ಮೆಲ್ಲಗಿನ ಓಟ, ಹಳೆಯ ಪೆಟ್ರೋಲು ಇವುಗಳ ನಡುವೆ ಆ ತಂತಿ ಹದಿನೆಂಟು ವರ್ಷ ಯಾರಿಗೂ ತಿಳಿಯದ ಹಾಗೆ ಬಾಳಿತು. ಮದರಾಸಿನ ಗಾಳಿಯೂ ಎಥನಾಲೂ ಸಾಕ್ಷಿಗಳಷ್ಟೆ. ದೊಡ್ಡ ಆರೋಪಿ ಇಲ್ಲಿತ್ತು. ನಮ್ಮ ಸಿದ್ಧಾಂತದ ಗರ್ವ ಇಳಿಯಿತು. ಆದರೆ ಆರೋಪಿಯನ್ನು ಹಿಡಿದ ಸಂತೋಷ ಬರಲಿಲ್ಲ. ಆ ಬಿ.ಎ.ಯ ಬಲದಿಂದಲೇ ಅಲ್ಲವೇ, ನಾವು ಅವರಿಗೆ ಗಾಳಿಯ ದಟ್ಟಣೆಯ ಪಾಠ ಹೇಳಿದ್ದು.

ಅಪ್ಪ ಚಿಮಟದಿಂದ ಎಳೆಯನ್ನು ಬಿಡಿಸಿ, 'ಸುಧಾ'ದ ಅಂಚಿಗೆ ಇಟ್ಟು, ಜೆಟ್ಟನ್ನು ಪೆಟ್ರೋಲಿನಲ್ಲಿ ತೊಳೆದು ಕೂರಿಸಿದರು. ಆಮೇಲೆ ಏರ್ ಸ್ಕ್ರೂವಿಗೆ ಕೈ ಹಾಕಲು ಹೋಗಿ ನಿಲ್ಲಿಸಿ, ನಮ್ಮ ಕಡೆಗೆ ಸ್ಕ್ರೂಡ್ರೈವರನ್ನು ಚಾಚಿದರು. "ನೀನು ಕೇಳು. ಎಲ್ಲಿ ದುಂಡಗಾಗುತ್ತದೋ ಅಲ್ಲಿ ನಿಲ್ಲಿಸು" ಎಂದರು. ನಮಗೆ ಅಂಥ ಕಿವಿಯಿಲ್ಲ. ಹೇಗೋ ತಿರುಗಿಸಿದೆವು. ಅವರು ಟ್ಯಾಂಕಿನ ಮೇಲೆ ಅಂಗೈ ಊರಿ, ನಡುಕ ಹಿಡಿದು, "ಇನ್ನೂ ಸ್ವಲ್ಪ ಹೊರಕ್ಕೆ" ಎಂದರು. ಸರಿಯಾಗಿಯೇ ಇತ್ತು.

ಉಳಿದದ್ದು ಮೇನ್ ಜೆಟ್ಟು. ಅದನ್ನು ಪರೀಕ್ಷಿಸಲು ಕಿವಿ ಬೇಕಿಲ್ಲ. ಪೂರ್ತಿ ವೇಗದಲ್ಲಿ ಸ್ವಲ್ಪ ದೂರ ಓಡಿಸಿ, ಕ್ಲಚ್ಚು ಹಿಡಿದು, ಅದೇ ಕ್ಷಣ ಎಂಜಿನು ಆರಿಸಿ, ತೇಲಿಕೊಂಡು ಹೋಗಿ ನಿಂತು ಪ್ಲಗ್ಗು ಬಿಚ್ಚಬೇಕು. ಅದರ ಪಿಂಗಾಣಿಯ ಮೂಗು ಬೆಳ್ಳಗಿದ್ದರೆ ಪೆಟ್ರೋಲು ಸಾಲದು, ಕಪ್ಪಗೆ ಜಿಡ್ಡಾಗಿದ್ದರೆ ಹೆಚ್ಚು, ಕಂದಿದ್ದರೆ ಸರಿ. ಅಪ್ಪ ಜನ್ಮವೆಲ್ಲ ಹಳಿದ ವಿದ್ಯೆ. ಮುಂದಿನ ಭಾನುವಾರ ಅದೇ ಸರ್ವೆ ಮರಗಳ ಕೆಳಗೆ ಅವರ ಕೈಗೆ ಬಿಸಿ ಪ್ಲಗ್ಗನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟೆವು. ಕನ್ನಡಕ ಹಣೆಗೇರಿಸಿ, ಸೂರ್ಯನಿಗೆ ಬೆನ್ನು ಮಾಡಿ, ತಿರುತಿರುಗಿಸಿ ನೋಡಿದರು. "ಇದು ನೇಪಲ್ಸ್ ಯೆಲ್ಲೊ" ಎಂದರು. "ನಮಗೆ ಬೇಕಾದದ್ದು ರಾ ಅಂಬರ್." ಮೂವತ್ತೆರಡು ವರ್ಷ ಮಕ್ಕಳಿಗೆ ಬಣ್ಣ ಕಲಿಸಿದವರು ಇಷ್ಟು ದಿನ ಈ ಕಣ್ಣನ್ನು ಎಲ್ಲಿಟ್ಟಿದ್ದರೋ!

ಹಳದಿಯೆಂದರೆ 95 ಸಾಲದು. ಜೆಟ್ಟು ಹುಡುಕಲು ಜನರಲ್ ಪ್ಯಾಟರ್ಸ್ ರಸ್ತೆಯ ಅಂಗಡಿಗಳನ್ನು ಸುತ್ತಿ, ಅಲ್ಲಿಂದ ಪುದುಪೇಟೆಗೆ ಹೋದೆವು. ಮುದುಕ ಅಂಗಡಿಯವರೊಬ್ಬರು ಬಿಸ್ಕತ್ತಿನ ಡಬ್ಬಿಯೊಂದನ್ನು ಕೌಂಟರಿನ ಮೇಲೆ ಸುರಿದರು. ಹಿತ್ತಾಳೆಯ ನೂರಾರು ಜೆಟ್ಟುಗಳು ಕಡಲೆಕಾಳಿನ ಹಾಗೆ ಉರುಳಿದವು. ಅಪ್ಪನಿಗೂ ಅವರಿಗೂ ನಡುವೆ ಇದ್ದ ಭಾಷೆ 'ಜೆಟ್ಟು' ಎಂಬುದೊಂದೇ. ಅದರಲ್ಲೇ ಇಬ್ಬರೂ ಮುಕ್ಕಾಲು ಗಂಟೆ ಮಾತಾಡಿದರು. ಆ ಮುದುಕರು ಪ್ರತಿಯೊಂದು ಜೆಟ್ಟನ್ನೂ ಬೆಳಕಿಗೆ ಹಿಡಿದು, ಯಾರೋ ತಂತಿಯಲ್ಲಿ ಚುಚ್ಚಿ ಮೊಟ್ಟೆಯಾಕಾರ ಮಾಡಿದ್ದನ್ನು ಹೊರಗೆಸೆದು, ಕೊನೆಗೆ 98 ಒಂದು, 100 ಒಂದು ಕೊಟ್ಟರು. ಅವರೂ ಕಿವಿಯ ಹಿಂದೆ ಕೈ ಇಟ್ಟು ಕೇಳುತ್ತಿದ್ದರು. ಅಪ್ಪ ಅದನ್ನು ಗಮನಿಸಿದರೆಂದು ನಮ್ಮ ಊಹೆ.

98ಕ್ಕೆ ಬಣ್ಣ ಹತ್ತಿರ ಬಂತು, ಸರಿಯಾಗಲಿಲ್ಲ. 100 ಹಾಕಿದ ದಿನ ಅಪ್ಪ ಪ್ಲಗ್ಗನ್ನು ನೋಡಿ ಏನೂ ಹೇಳದೆ ನಮ್ಮ ಕೈಗೆ ಕೊಟ್ಟರು. ಕಾಫಿ ಡಿಕಾಕ್ಷನ್ನಿಗೆ ಎರಡು ಚಮಚ ಹಾಲು ಬಿದ್ದ ಬಣ್ಣ. ಗಾಡಿ ಈಗ ಎರಡನೆಯ ಒದೆತಕ್ಕೆ ಏಳುತ್ತದೆ. ಮೈಲೇಜು ಕಡಿಮೆಯಾಗಿದೆ, ಮೇಲಿನ ಮನೆಯವರಿಗೆ ಅದನ್ನು ಹೇಳಿಲ್ಲ.

ಕಿವಿಯ ಮಾತನ್ನು ನಮ್ಮಾಕೆ ಎತ್ತಿದಾಗ ಅಪ್ಪ, "ಮೊದಲು ಪ್ಲಗ್ಗು ಬಣ್ಣಕ್ಕೆ ಬರಲಿ, ಆಮೇಲೆ ನೋಡೋಣ" ಎಂದಿದ್ದರು. ಬಣ್ಣ ಬಂದ ದಿನ ಅವಳು ಅದನ್ನು ನೆನಪಿಸಿದಳು, ಸ್ವಲ್ಪ ಜೋರಾಗಿ. ಬರುವ ಗುರುವಾರ ಹತ್ತೂವರೆಗೆ ಕಿವಿ ಡಾಕ್ಟರಲ್ಲಿ ಹೊತ್ತು ಗೊತ್ತಾಗಿದೆ. ನಾವು ಅರ್ಧ ದಿನದ ರಜೆಗೆ ಅರ್ಜಿ ಹಾಕಿದ್ದೇವೆ. ಆಟೋ ಬೇಡ, ಗಾಡಿಯಲ್ಲೇ ಹೋಗೋಣ, ನೀನು ಹಿಂದೆ ಕೂತುಕೋ ಎಂದಿದ್ದಾರೆ.